ಮೆಕ್ಯಾನಿಕ್ ಕೈಗೆ ಕೀ ಕೊಟ್ಟ ಮೇಲೆ

ಗ್ಯಾರೇಜಿಗೆ ಬಿಟ್ಟ ನಮ್ಮ ಗಾಡಿಯನ್ನು ಅವರು ರಸ್ತೆಗೆ ತೆಗೆದುಕೊಂಡು ಹೋಗಬಹುದಾ? ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಪ್ರಶ್ನೆ ಇದು. ಕೆಲವರಿಗೆ ಮೀಟರಿನಲ್ಲಿ ಏರಿದ ಕಿಲೋಮೀಟರಿನ ಚಿಂತೆ, ಕೆಲವರಿಗೆ ಖರ್ಚಾದ ಪೆಟ್ರೋಲಿನ ಚಿಂತೆ. ಸಾಲ ಮಾಡಿ ಹೊಸ ಕಾರು ಕೊಂಡವರಿಗೆ ಎಲ್ಲಿ ಗೀರು ಬಿದ್ದೀತೋ ಎಂಬ ಭಯ. ಇನ್ನು ಕೆಲವರದು ನೇರ ಸಿಟ್ಟು: ರಿಪೇರಿ ಮಾಡಿ ಅಂತ ಕೊಟ್ಟರೆ ಓಡಿಸಿಕೊಂಡು ತಿರುಗುವುದೇಕೆ?

ಓಡಿಸಬಹುದಾ ಎನ್ನುವುದಕ್ಕಿಂತ, ಎಷ್ಟೋ ಸಲ ಓಡಿಸಲೇಬೇಕು ಎನ್ನುವುದು ನನ್ನ ಉತ್ತರ. ಟ್ರಯಲ್ ನೋಡದೆ ಗಾಡಿ ವಾಪಸು ಕೊಡುವುದು ಉಪ್ಪು ನೋಡದೆ ಸಾರು ಬಡಿಸಿದ ಹಾಗೆ. ನಿಂತ ಗಾಡಿಯಲ್ಲಿ ಕಾಣಿಸದ ತೊಂದರೆಗಳೇ ಹೆಚ್ಚು. ಕ್ಲಚ್ ಪ್ಲೇಟ್ ಸವೆದಿದೆಯೋ ಇಲ್ಲವೋ ತಿಳಿಯಬೇಕಾದರೆ ಮೇಲಿನ ಗೇರಿನಲ್ಲಿ ಹೋಗುತ್ತಾ ಆಕ್ಸಿಲರೇಟರ್ ಒತ್ತಿ ನೋಡಬೇಕು. ಸವೆದಿದ್ದರೆ ಎಂಜಿನ್ನಿನ ಸದ್ದು ಏರುತ್ತದೆ, ಗಾಡಿಯ ವೇಗ ಏರುವುದಿಲ್ಲ. ಬ್ರೇಕಿನ ಡಿಸ್ಕ್ ಸೊಟ್ಟಗಾಗಿದ್ದರೆ ಗ್ಯಾರೇಜಿನ ಮುಂದಿನ ಗಲ್ಲಿಯಲ್ಲಿ ಗೊತ್ತಾಗುವುದಿಲ್ಲ, ಒಂದಿಷ್ಟು ವೇಗದಲ್ಲಿ ಬ್ರೇಕ್ ಹಿಡಿದಾಗ ಸ್ಟೇರಿಂಗ್ ಕೈಯಲ್ಲಿ ನಡುಗಿದರೆ ಆಗ ಗೊತ್ತು. ವೀಲ್ ಬ್ಯಾಲೆನ್ಸಿಂಗ್ ತಪ್ಪಿದ ಕಾರು ಊರೊಳಗೆ ಸರಿಯಾಗೇ ಇರುತ್ತದೆ, ಹೆದ್ದಾರಿಗೆ ಬಿದ್ದಾಗ ಅದುರಲು ಶುರು. ಡ್ರೈವ್ ಶಾಫ್ಟಿನ ತುದಿಯ ಜಾಯಿಂಟ್ ಹೋಗಿದ್ದರೆ ಸ್ಟೇರಿಂಗನ್ನು ಪೂರ್ತಿ ತಿರುಗಿಸಿಕೊಂಡು ಮೆಲ್ಲಗೆ ಮುಂದೆ ಹೋಗುವಾಗ ಕಟ್ ಕಟ್ ಎನ್ನುತ್ತದೆ. ಸಸ್ಪೆನ್ಷನ್ನಿನ ಶಬ್ದ ಕೇಳಬೇಕಾದರೆ ಹಂಪ್ ಹತ್ತಿಸಲೇಬೇಕು.

ನನ್ನ ಕಾರಿನ ಒಂದು ಟ್ರಯಲ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಐವತ್ತು ದಾಟಿದರೆ ಸಾಕು, ಎಲ್ಲಿಂದಲೋ ಹೂಂ ಎನ್ನುವ ಸದ್ದು ಬರುತ್ತಿತ್ತು. ಟೈರ್ ಸವೆದಿದೆ, ನಾಲ್ಕೂ ಬದಲಿಸಿ ಅಂದಿದ್ದರು ಒಂದು ಕಡೆ. ನಾನು ಯಾವಾಗಲೂ ಹೋಗುವ ಮೈಸೂರಿನ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್, ಎಲ್ಲರೂ ಭಾಯ್ ಎಂದೇ ಕರೆಯುವವರು, ಟೈರಿನ ಮೇಲೆ ಅಂಗೈ ಆಡಿಸಿ ನೋಡಿ, "ಬನ್ನಿ ಮೇಡಂ, ಒಂದು ಟ್ರಯಲ್ ನೋಡೇಬಿಡೋಣ" ಅಂದರು. ರಿಂಗ್ ರಸ್ತೆಗೆ ಬಂದ ಮೇಲೆ ಕಿಟಕಿ ಏರಿಸಿ, ಎಸಿ ಆರಿಸಿ, ಹಾಡು ನಿಲ್ಲಿಸಿದರು. "ಈಗೊಂದೈದು ನಿಮಿಷ ಮಾತಾಡ್ಬೇಡಿ." ಅರವತ್ತರ ವೇಗದಲ್ಲಿ ಗೇರನ್ನು ನ್ಯೂಟ್ರಲ್‌ಗೆ ತಂದರು. ಎಂಜಿನ್ನಿನ ಸದ್ದು ಇಳಿಯಿತು, ಹೂಂಕಾರ ಇಳಿಯಲಿಲ್ಲ. ಹಾಗಾದರೆ ಅದು ಎಂಜಿನ್ನಿನದಲ್ಲ. ನುಣ್ಣನೆಯ ಡಾಂಬರಿನಿಂದ ತೇಪೆ ಹಾಕಿದ ಒರಟು ರಸ್ತೆಗೆ ಹೋದಾಗಲೂ ಸದ್ದಿನ ಧಾಟಿ ಬದಲಾಗಲಿಲ್ಲ, ಟೈರಿನದಾಗಿದ್ದರೆ ಬದಲಾಗಬೇಕಿತ್ತು. ಆಮೇಲೆ ಕನ್ನಡಿಯಲ್ಲಿ ಹಿಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸ್ಟೇರಿಂಗನ್ನು ಹದವಾಗಿ ಎಡಕ್ಕೆ, ಮತ್ತೆ ಬಲಕ್ಕೆ ತಿರುಗಿಸಿದರು. ಎಡಕ್ಕೆ ಹೊರಳಿದಾಗ ಸದ್ದು ಜೋರಾಯಿತು, ಬಲಕ್ಕೆ ಬಂದಾಗ ಅಡಗಿತು. "ರೈಟ್ ಸೈಡ್ ಬೇರಿಂಗು" ಎಂದರು. ಎಡಕ್ಕೆ ತಿರುಗುವಾಗ ಗಾಡಿಯ ಭಾರವೆಲ್ಲ ಬಲಗಡೆಯ ಚಕ್ರಗಳ ಮೇಲೆ ವಾಲುತ್ತದೆ, ಸವೆದ ಬೇರಿಂಗ್ ಆ ಭಾರಕ್ಕೆ ನರಳುತ್ತದೆ. ಮುಂದಿನದೋ ಹಿಂದಿನದೋ ಎಂಬುದು ಗ್ಯಾರೇಜಿಗೆ ಬಂದ ಮೇಲೆ ತೀರ್ಮಾನವಾಯಿತು. ಜಾಕ್ ಕೊಟ್ಟು, ಮುಂದಿನ ಚಕ್ರವನ್ನು ಒಂದು ಕೈಯಲ್ಲಿ ತಿರುಗಿಸಿ, ಇನ್ನೊಂದು ಕೈಯನ್ನು ಸಸ್ಪೆನ್ಷನ್ ಸ್ಪ್ರಿಂಗಿನ ಮೇಲಿಟ್ಟರು. ನನ್ನ ಕೈಯನ್ನೂ ಅಲ್ಲಿಡಲು ಹೇಳಿದರು. ಮರಳು ಅರೆದಂಥ ಸಣ್ಣ ಕಂಪನ ಬೆರಳಿಗೆ ಸ್ಪಷ್ಟವಾಗಿ ಸಿಕ್ಕಿತು. ಒಂದು ಬೇರಿಂಗಿನ ಖರ್ಚಿನಲ್ಲಿ ಮುಗಿಯಿತು, ನಾಲ್ಕು ಟೈರಿನ ದುಡ್ಡು ಉಳಿಯಿತು. ರಸ್ತೆಗೆ ಇಳಿಯದೆ ಇದನ್ನು ಕಂಡುಹಿಡಿಯಲು ಆಗುತ್ತಿತ್ತೇ?

ಹೊಸ ಗಾಡಿಗಳಲ್ಲಿ ಟ್ರಯಲ್‌ನ ಅಗತ್ಯ ಕಡಿಮೆಯಾಗಿದೆ, ಕಂಪ್ಯೂಟರ್ ಹಚ್ಚಿದರೆ ಎಲ್ಲ ಗೊತ್ತಾಗುತ್ತದೆ ಎಂದು ಹಲವರು ನಂಬಿದ್ದಾರೆ. ಆದರೆ ಸ್ಕ್ಯಾನರ್ ಮುಖ್ಯವಾಗಿ ತೋರಿಸುವುದು ಯಾವ ಸೆನ್ಸರಿನ ಲೆಕ್ಕ ತಪ್ಪಿದೆ ಎಂಬುದನ್ನು. ಏಕೆ ತಪ್ಪಿತು ಎಂದು ತಿಳಿಯಬೇಕಾದರೆ ಎಷ್ಟೋ ಸಲ ಸ್ಕ್ಯಾನರ್ ಹಚ್ಚಿಕೊಂಡೇ ಓಡಿಸಬೇಕಾಗುತ್ತದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇದೆ. ಮನೆ, ಸ್ಕೂಲು, ಮಾರ್ಕೆಟ್ಟು ಎಂದು ಊರೊಳಗೇ ಓಡಾಡುವ ಗಾಡಿಗಳಲ್ಲಿ ಅದು ಬೇಗ ಕಟ್ಟಿಕೊಳ್ಳುತ್ತದೆ. ಒಳಗಿನ ಮಸಿ ಸುಟ್ಟು ಬೂದಿಯಾಗಲು ನಿಲ್ಲಿಸದೆ ಒಂದೇ ಸಮನೆ ಸ್ವಲ್ಪ ದೂರ ಓಡಿಸುವುದು ಸಾಮಾನ್ಯ ದಾರಿ. ಮುಂದಿನ ಗಾಜಿಗೆ ಕ್ಯಾಮೆರಾ ಇರುವ ಕಾರುಗಳಲ್ಲಂತೂ ಗಾಜು ಬದಲಿಸಿದ ಮೇಲೆ ಆ ಕ್ಯಾಮೆರಾವನ್ನು ಹೊಂದಿಸಲು ಕೆಲವು ಮಾಡೆಲ್‌ಗಳನ್ನು ಲೇನಿನ ಗೆರೆ ಇರುವ ರಸ್ತೆಯಲ್ಲಿ ಓಡಿಸಲೇಬೇಕು. ಹಾಗಾಗಿ ಮೀಟರಿನಲ್ಲಿ ಹದಿನೈದಿಪ್ಪತ್ತು ಕಿಲೋಮೀಟರ್ ಏರಿದೆ ಎಂದ ಮಾತ್ರಕ್ಕೆ ಮೋಸ ಅನ್ನಲಾಗದು. ಏಕೆ ಇಷ್ಟಾಯಿತು ಎಂದು ಕೇಳುವ ಹಕ್ಕು ನಮಗಿದೆ; ಅದಕ್ಕೆ ಉತ್ತರ ಕೊಡುವುದು ಅವರ ಕೆಲಸ. ಆಯಿಲ್ ಬದಲಿಸಿ ವಾಟರ್ ವಾಶ್ ಮಾಡಿಸಿದ ಗಾಡಿ ಮೂವತ್ತು ಕಿಲೋಮೀಟರ್ ಓಡಿದ್ದರೆ ಉತ್ತರ ಕೇಳಲೇಬೇಕು.

ಟ್ರಯಲ್ ಒಂದು, ಸ್ವಂತ ಕೆಲಸಕ್ಕೆ ಬಳಸುವುದು ಇನ್ನೊಂದು. ನನ್ನ ಸ್ಕೂಟರನ್ನು ಬೆಲ್ಟ್ ಬದಲಿಸಲು ಒಂದು ಗ್ಯಾರೇಜಿನಲ್ಲಿ ಬಿಟ್ಟಿದ್ದೆ. ಕೆಲವು ದಿನದ ಮೇಲೆ ಮೊಬೈಲಿಗೆ ಚಲನ್ ಬಂತು, ಹೆಲ್ಮೆಟ್ ಇಲ್ಲದ ಸವಾರಿಗೆ 500 ರೂಪಾಯಿ. ಜೊತೆಗಿದ್ದ ಕ್ಯಾಮೆರಾ ಚಿತ್ರದಲ್ಲಿ ನನ್ನ ಸ್ಕೂಟರ್, ಮೇಲೆ ಗ್ರೀಸ್ ಹತ್ತಿದ ಅಂಗಿಯ ಯುವಕ, ಕಾಲ ಹತ್ತಿರ ಟೀ ಫ್ಲಾಸ್ಕು. ಜಾಗ ಗ್ಯಾರೇಜಿನಿಂದ ಬಹಳ ದೂರದ ಸರ್ಕಲ್ಲು. ದಂಡವನ್ನು ಗ್ಯಾರೇಜಿನವರೇ ಕಟ್ಟಿದರು, ಆ ಮಾತು ಬೇರೆ. ಆ ಚಿತ್ರ ನೋಡಿದಾಗ ನನ್ನನ್ನು ಕಾಡಿದ್ದು ಐನೂರು ರೂಪಾಯಿಯಲ್ಲ. ಆ ಯುವಕ ಬಿದ್ದಿದ್ದರೆ? ಯಾರಿಗಾದರೂ ಗುದ್ದಿದ್ದರೆ? ಕ್ಯಾಮೆರಾ ನೋಡುವುದು ನಂಬರ್ ಪ್ಲೇಟನ್ನು, ಪೊಲೀಸರು ಮೊದಲು ಹುಡುಕುವುದು ಆರ್‌ಸಿಯಲ್ಲಿರುವ ಹೆಸರನ್ನು. ಓಡಿಸುತ್ತಿದ್ದವರು ಯಾರು ಎಂದು ಕೇಳಿದರೆ ಹೇಳಬೇಕಾದ ಹೊಣೆಯನ್ನು ಮೋಟಾರು ವಾಹನ ಕಾಯ್ದೆಯ 133ನೇ ಸೆಕ್ಷನ್ ಮಾಲೀಕರ ಮೇಲೆ ಹಾಕಿದೆ. ಗಾಡಿ ಎಲ್ಲಿ, ಯಾರ ಕೈಯಲ್ಲಿತ್ತು ಎಂದು ತೋರಿಸಲು ಆಗ ನಮ್ಮ ಬಳಿ ದಿನಾಂಕ ಹಾಕಿದ ಜಾಬ್ ಕಾರ್ಡ್ ಇರಬೇಕು. ಬೀದಿಬದಿಯ ಸಣ್ಣ ಗ್ಯಾರೇಜಿನಲ್ಲಿ ಜಾಬ್ ಕಾರ್ಡ್ ಇರುವುದಿಲ್ಲ, ನಿಜ. ಬಿಡುವಾಗ ಮೀಟರಿನ ಫೋಟೋ ತೆಗೆದು, "ಗಾಡಿ ಬಿಟ್ಟಿದ್ದೇನೆ, ಇಂಥ ಕೆಲಸ" ಎಂದು ಅವರ ವಾಟ್ಸ್ಆ್ಯಪ್ಪಿಗೆ ಕಳಿಸಿದರೆ ಅದೇ ದಾಖಲೆ.

ಈ ಕೊಡುಕೊಳ್ಳುವಿಕೆಗೆ ನಮ್ಮಲ್ಲಿ ಬಹಳ ಹಳೆಯ ಕಾನೂನಿದೆ. ಒಬ್ಬರ ವಸ್ತುವನ್ನು ಒಂದು ಕೆಲಸಕ್ಕಾಗಿ ಇನ್ನೊಬ್ಬರ ವಶಕ್ಕೆ ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸು ಪಡೆಯುವ ಸಂಬಂಧವನ್ನು 1872ರ ಕರಾರು ಕಾಯ್ದೆ 148ನೇ ಸೆಕ್ಷನ್ನಿನಿಂದ ಮುಂದಕ್ಕೆ ವಿವರಿಸುತ್ತದೆ. ವಿವೇಕವುಳ್ಳ ಸಾಮಾನ್ಯ ಮನುಷ್ಯ ತನ್ನ ವಸ್ತುವನ್ನು ಹೇಗೆ ಜೋಪಾನ ಮಾಡುತ್ತಾನೋ ಹಾಗೆ ಪಡೆದವನು ಅದನ್ನು ಜೋಪಾನ ಮಾಡಬೇಕು ಎನ್ನುತ್ತದೆ 151. ಒಪ್ಪಿದ ಕೆಲಸ ಬಿಟ್ಟು ಬೇರೆಯದಕ್ಕೆ ಬಳಸಿದರೆ, ಆಗ ಆದ ನಷ್ಟ ಬಳಸಿದವನದೇ ಎನ್ನುತ್ತದೆ 154. ಟೀ ತರಲು ಹೋದ ಸ್ಕೂಟರಿಗೂ ಬ್ರೇಕ್ ಪರೀಕ್ಷಿಸಲು ಹೋದ ಸ್ಕೂಟರಿಗೂ ಇರುವ ವ್ಯತ್ಯಾಸ ಅಲ್ಲಿದೆ. ದೊಡ್ಡ ಸರ್ವಿಸ್ ಸೆಂಟರುಗಳ ಜಾಬ್ ಕಾರ್ಡಿನ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು ಇರುವುದುಂಟು, ಟ್ರಯಲ್ ಮಾಲೀಕರ ಹೊಣೆಯ ಮೇಲೆ ಎಂದು. ಆ ಒಂದು ಸಾಲಿನಿಂದ ನಿರ್ಲಕ್ಷ್ಯದ ಹೊಣೆ ಪೂರ್ತಿ ಕಳಚಿಹೋಗುತ್ತದೆ ಎಂದು ನನಗನ್ನಿಸುವುದಿಲ್ಲ. ರಿಪೇರಿಯೂ ಒಂದು ಸೇವೆ. ಸೇವೆಯಲ್ಲಿ ಲೋಪವಾದರೆ ಗ್ರಾಹಕರ ಆಯೋಗದ ಬಾಗಿಲು ತೆರೆದೇ ಇದೆ, 1915ಕ್ಕೆ ಕರೆ ಮಾಡಿ ಸಲಹೆ ಕೇಳಬಹುದು.

ಅದೇ ಕರಾರು ಕಾಯ್ದೆಯ 150ನೇ ಸೆಕ್ಷನ್ನಿನ ಬಗ್ಗೆ ಯಾರೂ ಪತ್ರ ಬರೆದಿಲ್ಲ. ಕೊಡುವ ವಸ್ತುವಿನಲ್ಲಿ ತನಗೆ ಗೊತ್ತಿರುವ ದೋಷವನ್ನು, ಪಡೆಯುವವನಿಗೆ ಅಪಾಯ ತರಬಹುದಾದ ದೋಷವನ್ನು, ಕೊಡುವವನು ಹೇಳಲೇಬೇಕು. ಹೇಳದೆ ಇದ್ದು ಅವನಿಗೆ ಹಾನಿಯಾದರೆ ಹೊಣೆ ಕೊಟ್ಟವನದು. ಇಲ್ಲಿ ಕೊಡುವವರು ನಾವು. ಬ್ರೇಕ್ ಆಗಾಗ ಕೆಳಗೆ ಹೋಗುತ್ತಿದೆ ಎಂದು ಗೊತ್ತಿದ್ದೂ, "ಜನರಲ್ ಸರ್ವಿಸ್ ಮಾಡಿಬಿಡಿ" ಎಂದಷ್ಟೇ ಹೇಳಿ ಕೀ ಎಸೆದು ಆಫೀಸಿಗೆ ಓಡುವವರನ್ನು ನಾನು ನೋಡಿದ್ದೇನೆ. ಆ ಗಾಡಿಯನ್ನು ಮೊದಲು ರಸ್ತೆಗೆ ಇಳಿಸುವವರು ಮೆಕ್ಯಾನಿಕ್. ಯಾವುದು ಸರಿಯಿಲ್ಲ ಎಂಬ ಅನುಮಾನಕ್ಕೇ ಗ್ಯಾರೇಜಿಗೆ ಬಂದ ಗಾಡಿಯನ್ನು, ಅದು ಸರಿಯಿಲ್ಲದಿರುವಾಗಲೇ ಓಡಿಸಿ ನೋಡುವುದು ಅವರ ಕಸುಬು. ಇದರಲ್ಲಿರುವ ಅಪಾಯವನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮ ಪಾಲಿಸಿಯಲ್ಲಿರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಮಾಲೀಕರಿಗೆ ಮಾತ್ರ, ಟ್ರಯಲ್‌ಗೆ ಹೋದ ಮೆಕ್ಯಾನಿಕ್‌ಗೆ ಅದು ಸಿಗುವುದಿಲ್ಲ. ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೊಡುವ ಹೊಣೆ ಗ್ಯಾರೇಜ್ ಮಾಲೀಕನದು, ಆದರೆ ಅದಕ್ಕಾಗಿ ವಿಮೆ ಮಾಡಿಸಿಟ್ಟ ಸಣ್ಣ ಗ್ಯಾರೇಜನ್ನು ನಾನು ಕಂಡಿದ್ದು ಅಪರೂಪ. ಆದ್ದರಿಂದ ಬ್ರೇಕ್, ಸ್ಟೇರಿಂಗ್, ಟೈರ್, ಆಕ್ಸಿಲರೇಟರ್ ಈ ನಾಲ್ಕರಲ್ಲಿ ಏನೇ ಅನುಮಾನವಿದ್ದರೂ ಕೀ ಕೊಡುವ ಮೊದಲೇ ಬಾಯಿಬಿಟ್ಟು ಹೇಳಿ, ಬರೆಸಿ.

ಇನ್ನು ವಿಮೆಯ ಮಾತು. ಟ್ರಯಲ್ ವೇಳೆ ದಾರಿಹೋಕರಿಗೆ ಪೆಟ್ಟಾದರೆ ಪರಿಹಾರ ಯಾರು ಕೊಡಬೇಕು ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 1988ರಲ್ಲೇ ಉತ್ತರಿಸಿದೆ. ಗುರು ಗೋವೇಕರ್ ಮತ್ತು ಫಿಲೋಮಿನಾ ಲೋಬೊ ನಡುವಿನ ಪ್ರಕರಣ ಅದು. ರಿಪೇರಿಗೆ ಕೊಟ್ಟಿದ್ದ ವಾಹನ ಮೆಕ್ಯಾನಿಕ್ ಕೈಯಲ್ಲಿದ್ದಾಗ ಅಪಘಾತವಾಗಿ ಮಹಿಳೆಯೊಬ್ಬರು ಗಾಯಗೊಂಡಿದ್ದರು. ರಿಪೇರಿಯವನು ಮಾಲೀಕನ ನೌಕರನಲ್ಲ, ಹಾಗಾಗಿ ನಮಗೆ ಸಂಬಂಧವಿಲ್ಲ ಎಂಬುದು ವಿಮಾ ಕಂಪನಿಯ ನಿಲುವು. ಕೋರ್ಟ್ ಒಪ್ಪಲಿಲ್ಲ. ರಸ್ತೆಯಲ್ಲಿ ಹೋಗುವ ಮೂರನೆಯವರ ರಕ್ಷಣೆಗೆಂದೇ ಕಡ್ಡಾಯ ವಿಮೆ ಇರುವುದು, ಮಾಲೀಕ ರಿಪೇರಿಗೆ ಕೊಟ್ಟ ಮಾತ್ರಕ್ಕೆ ಕಂಪನಿ ಕೈತೊಳೆದುಕೊಳ್ಳಲಾಗದು ಎಂದಿತು. ಇಷ್ಟು ಸಮಾಧಾನದ ವಿಷಯ. ಆದರೆ ಇದೆಲ್ಲ ವಿಮೆ ಚಾಲ್ತಿಯಲ್ಲಿದ್ದರೆ ತಾನೇ? 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ, ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಬರುತ್ತಿದೆ. ಅಷ್ಟು ವರ್ಷ ನೆನಪಿಟ್ಟುಕೊಳ್ಳುವ ಗೋಜಿಲ್ಲದ್ದರಿಂದ ಮುಗಿದಾಗ ಮರೆತುಹೋಗುತ್ತದೆ. ಮನೆ ಮೂಲೆಯಲ್ಲಿ ನಿಂತಿದ್ದ ಸ್ಕೂಟರನ್ನು ಮಗಳಿಗೆ ಕಾಲೇಜಿಗೆ ಬೇಕೆಂದು ರಿಪೇರಿಗೆ ತಳ್ಳಿಕೊಂಡು ಹೋಗುವಾಗ ಪಾಲಿಸಿ ನೋಡುವವರು ಎಷ್ಟು ಜನ? ವಿಮೆಯಿಲ್ಲದ ಗಾಡಿಯನ್ನು ಓಡಿಸಲು ಬಿಟ್ಟವರೂ ಮೋಟಾರು ವಾಹನ ಕಾಯ್ದೆಯ 196ನೇ ಸೆಕ್ಷನ್ನಿನಡಿ ತಪ್ಪಿತಸ್ಥರು. ಅಪಘಾತವಾದರೆ ಪರಿಹಾರದ ಹೊರೆ ಮನೆಗೇ ಬರುತ್ತದೆ.

ನಮ್ಮದೇ ಗಾಡಿಗಾದ ನಷ್ಟದ ಲೆಕ್ಕ ಅಷ್ಟು ಸಲೀಸಲ್ಲ. ಖಾಸಗಿ ಕಾರಿನ ಪಾಲಿಸಿಯನ್ನು ಬಿಡಿಸಿ ನೋಡಿದರೆ ಯಾವ ಬಳಕೆಗೆ ರಕ್ಷಣೆಯಿಲ್ಲ ಎಂಬ ಪಟ್ಟಿಯಲ್ಲಿ ರೇಸು, ವೇಗ ಪರೀಕ್ಷೆಯ ಜೊತೆಗೆ ಮೋಟಾರು ವ್ಯಾಪಾರಕ್ಕೆ ಸಂಬಂಧಿಸಿದ ಬಳಕೆಯೂ ಇರುತ್ತದೆ. ಮಾಮೂಲಿ ಟ್ರಯಲ್ ಇದರೊಳಗೆ ಬರುತ್ತದೋ ಇಲ್ಲವೋ ಎಂದು ಕಂಪನಿ ತಕರಾರು ತೆಗೆಯಲು ಎಡೆಯಿದೆ. ತಕರಾರಿಲ್ಲದೆ ಕೊಟ್ಟರೂ ನಮ್ಮ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಐದು ವರ್ಷ ಕ್ಲೇಮ್ ಮಾಡದೆ 50 ಪರ್ಸೆಂಟಿಗೆ ತಂದು ನಿಲ್ಲಿಸಿದ ರಿಯಾಯಿತಿಯನ್ನು ಬೇರೆಯವರ ಎಡವಟ್ಟಿಗೆ ಕಳೆದುಕೊಳ್ಳುವುದು ಯಾವ ನ್ಯಾಯ? ಗ್ಯಾರೇಜುಗಳಿಗೆಂದೇ ಮೋಟಾರ್ ಟ್ರೇಡ್ ಪಾಲಿಸಿಗಳಿವೆ. ವರ್ಕ್‌ಶಾಪಿನ ಒಳಗಿನ ನಷ್ಟಕ್ಕೆ ಬೇರೆ, ರಸ್ತೆಯ ಮೇಲಿನದಕ್ಕೆ ಬೇರೆ. ದೊಡ್ಡ ಸರ್ವಿಸ್ ಸೆಂಟರಾದರೆ ಇದು ಇದೆಯೇ ಎಂದು ಧಾರಾಳವಾಗಿ ಕೇಳಿ. ಅವರ ಕೈಯಲ್ಲಾದ ನಷ್ಟಕ್ಕೆ ನಮ್ಮ ಪಾಲಿಸಿಯಲ್ಲಿ ಕ್ಲೇಮ್ ಮಾಡಿ ಅಂದರೆ ಸಹಿ ಹಾಕುವ ಮುಂಚೆ ಯೋಚಿಸಿ.

ನನ್ನನ್ನು ನಿಜಕ್ಕೂ ಕಲಕುವುದು ಗ್ಯಾರೇಜಿನ ಹುಡುಗರ ವಿಷಯ. ಹದಿನಾಲ್ಕೋ ಹದಿನೈದೋ ಇರುತ್ತದೆ ವಯಸ್ಸು. ಸ್ಕೂಲು ಬಿಟ್ಟು ಬಂದು ಮೊದಲು ಸ್ಪ್ಯಾನರ್ ಎತ್ತಿಕೊಡುತ್ತಾನೆ, ಆಮೇಲೆ ಪಂಕ್ಚರ್ ಹಾಕುತ್ತಾನೆ, ಆಮೇಲೆ ಒಂದು ದಿನ "ಲೋ, ಹೋಗಿ ಒಂದು ರೌಂಡ್ ನೋಡ್ಕೊಂಡು ಬಾ" ಎನ್ನುತ್ತಾರೆ. ಅವನಿಗೆ ಅದು ಬಡ್ತಿ ಸಿಕ್ಕಷ್ಟು ಖುಷಿ. ಕಾಲು ನೆಲಕ್ಕೆ ಸರಿಯಾಗಿ ತಾಗದ ಹುಡುಗ, ತಲೆಗೆ ಹೆಲ್ಮೆಟ್ ಇಲ್ಲದೆ, ಬ್ರೇಕ್ ಸರಿಯಾಗಿದೆಯೋ ಇಲ್ಲವೋ ಎಂದು ನೋಡಲು ಬೈಕ್ ತೆಗೆದುಕೊಂಡು ಹೋಗುತ್ತಾನೆ. ಪಕ್ಕದಲ್ಲಿ ನಿಂತ ಗ್ರಾಹಕರು ಮೊಬೈಲ್ ನೋಡುತ್ತಿರುತ್ತಾರೆ. ನಮ್ಮ ಮನೆಯ ಹತ್ತನೇ ಕ್ಲಾಸಿನ ಮಗ ಅದೇ ಬೈಕ್ ಮುಟ್ಟಿದರೆ ಇವರೇ ಗದರುತ್ತಾರೆ.

ಕಾನೂನು ಇಲ್ಲಿ ಗಟ್ಟಿಯಾಗೇ ಇದೆ. ಹದಿನಾಲ್ಕು ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತೆಯೇ ಇಲ್ಲ. ಗೇರ್ ಇರುವ ಬೈಕಿಗಾಗಲಿ ಕಾರಿಗಾಗಲಿ ಹದಿನೆಂಟು ತುಂಬದೆ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದವರಿಗೆ ಗಾಡಿ ಓಡಿಸಲು ಬಿಟ್ಟರೆ ಮೋಟಾರು ವಾಹನ ಕಾಯ್ದೆಯ 180ನೇ ಸೆಕ್ಷನ್ನಿನಂತೆ 5,000 ರೂಪಾಯಿ ದಂಡ, ಅಥವಾ 3 ತಿಂಗಳವರೆಗಿನ ಜೈಲು, ಅಥವಾ ಎರಡೂ. ಅಪ್ರಾಪ್ತರ ಕೈಯಲ್ಲಿ ತಪ್ಪಾದರೆ 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಸೆಕ್ಷನ್ ಪೋಷಕರನ್ನು ಇಲ್ಲವೇ ವಾಹನದ ಮಾಲೀಕರನ್ನು ಹೊಣೆ ಮಾಡುತ್ತದೆ: 25,000 ದಂಡ, 3 ವರ್ಷದವರೆಗೆ ಜೈಲು, 12 ತಿಂಗಳು ನೋಂದಣಿ ರದ್ದು. ತನಗೆ ಗೊತ್ತಿಲ್ಲದೆ ಆಯಿತು, ಇಲ್ಲವೇ ತಡೆಯಲು ತಕ್ಕ ಎಚ್ಚರ ವಹಿಸಿದ್ದೆ ಎಂದು ಮಾಲೀಕರು ಸಾಬೀತು ಮಾಡಿದರೆ ಪಾರಾಗಬಹುದು. ಪಕ್ಕದಲ್ಲೇ ನಿಂತು ನೋಡುತ್ತಿದ್ದವರಿಗೆ ಆ ಮಾತು ಹೇಳಲು ಬರುವುದಿಲ್ಲ. ವಿಮೆಯಲ್ಲೂ ಇದೇ ತರ್ಕ. 2004ರ ಸ್ವರ್ಣ್ ಸಿಂಗ್ ಪ್ರಕರಣದ ತೀರ್ಪಿನ ನಂತರ, ಲೈಸೆನ್ಸ್ ಇಲ್ಲದವರು ಓಡಿಸಿ ಅಪಘಾತವಾದರೂ ಗಾಯಾಳುವಿಗೆ ಕಂಪನಿ ಹಣ ಕೊಟ್ಟು, ಮಾಲೀಕರ ತಪ್ಪಿದ್ದರೆ ಅದನ್ನು ಅವರಿಂದ ವಸೂಲಿ ಮಾಡಬಹುದು.

ದಂಡದ ಭಯಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ. ಆ ಹುಡುಗ ಕಲಿಯುವುದು ಬೇಡ ಎಂದೂ ಹೇಳುತ್ತಿಲ್ಲ. ಎಂಜಿನ್ ಬಿಚ್ಚಿ ಜೋಡಿಸುವುದರಲ್ಲಿ ಈ ಹುಡುಗರ ಕೈಚಳಕ ನೋಡಿ ಎಷ್ಟೋ ಸಲ ಬೆರಗಾಗಿದ್ದೇನೆ. ಎಸ್ಸೆಸ್ಸೆಲ್ಸಿ ಮುಗಿಸಿಕೊಂಡರೆ ಐಟಿಐಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್‌ನ ಎರಡು ವರ್ಷದ ಕೋರ್ಸ್ ಇದೆ, ಸರ್ಟಿಫಿಕೇಟ್ ಇದ್ದರೆ ದೊಡ್ಡ ವರ್ಕ್‌ಶಾಪುಗಳಲ್ಲಿ ಕೆಲಸವೂ ಇದೆ. ನಾನು ಹೋಗುವ ಗ್ಯಾರೇಜಿನ ಭಾಯ್ ತಮ್ಮಲ್ಲಿದ್ದ ಹುಡುಗನೊಬ್ಬನಿಗೆ ಹದಿನೆಂಟು ತುಂಬಿದ ಮೇಲೆ ತಾವೇ ಎಲ್ಎಲ್ಆರ್ ಮಾಡಿಸಿ, ಪಕ್ಕದಲ್ಲಿ ಕೂತು ಕಾರು ಕಲಿಸಿದರು. ಲೈಸೆನ್ಸ್ ಬರುವವರೆಗೆ ಗ್ರಾಹಕರ ಗಾಡಿಯನ್ನು ಗೇಟಿನ ಆಚೆ ದಾಟಿಸಲು ಬಿಡಲಿಲ್ಲ. ಇದು ಒಬ್ಬ ಸಣ್ಣ ಗ್ಯಾರೇಜಿನವರಿಗೆ ಸಾಧ್ಯವಾದರೆ ಉಳಿದವರಿಗೂ ಸಾಧ್ಯ.

"ಲೈಸೆನ್ಸ್ ಇದೆಯಾ ಅಂತ ಕೇಳಿದರೆ ಬೇಜಾರು ಮಾಡಿಕೊಳ್ಳೋದಿಲ್ಲವಾ?" ಎಂದು ಓದುಗರೊಬ್ಬರು ಕೇಳಿದ್ದಾರೆ. ಕೇಳುವ ರೀತಿಯಲ್ಲಿದೆ. "ಟ್ರಯಲ್‌ಗೆ ಯಾರು ಹೋಗ್ತಾರಣ್ಣ?" ಎಂದು ಶುರು ಮಾಡಿ. ಸಮಯವಿದ್ದರೆ ನಾನೂ ಬರುತ್ತೇನೆ ಅನ್ನಿ. ಒಬ್ಬರೇ ಹೋಗಲು ಹಿಂಜರಿಕೆ ಇರುವ ಹೆಣ್ಣುಮಕ್ಕಳು ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬಹುದು. ಸ್ಕೂಟರ್ ಬಿಡುವಾಗ ಹೆಲ್ಮೆಟ್ಟನ್ನೂ ಅಲ್ಲೇ ಬಿಟ್ಟು ಬನ್ನಿ. ಬಿಲ್ ಕಟ್ಟುವ ಮುಂಚೆ ಕೊನೆಯ ಟ್ರಯಲ್ ನೀವೇ ನೋಡಿ. ಕೂಲಿ ಬರುವವರೆಗೆ ಗಾಡಿ ಇಟ್ಟುಕೊಳ್ಳುವ ಹಕ್ಕು ಕಾನೂನಿನಲ್ಲಿ ಅವರಿಗಿದೆ, ಆದ್ದರಿಂದ ಅವರನ್ನೂ ಕೂರಿಸಿಕೊಂಡೇ ಹೋಗಿ. ಜಾಬ್ ಕಾರ್ಡ್ ಕೊಡುವ ಜಾಗದಲ್ಲಾದರೆ, ಸಹಿ ಹಾಕುವ ಮೊದಲು ನಾನು ಕೈಬರಹದಲ್ಲಿ ಎರಡು ಸಾಲು ಸೇರಿಸುತ್ತೇನೆ, ಬೇಕಿದ್ದವರು ಹಾಗೇ ಬಳಸಿಕೊಳ್ಳಬಹುದು: "ಲೈಸೆನ್ಸ್ ಇರುವವರು ಮಾತ್ರ ಟ್ರಯಲ್ ನೋಡಬೇಕು. ಹತ್ತು ಕಿಲೋಮೀಟರಿಗಿಂತ ಹೆಚ್ಚು ಓಡಿಸಬೇಕಾದರೆ ಫೋನ್ ಮಾಡಿ ತಿಳಿಸಬೇಕು." ಸರ್ವಿಸ್ ಅಡ್ವೈಸರ್ ಆ ಸಾಲು ಓದಿ, ಯಾರು ಓಡಿಸುತ್ತಾರೆ ಎಂಬ ಹೆಸರನ್ನು ಪಕ್ಕದಲ್ಲೇ ಬರೆದುಕೊಟ್ಟರೆ ಕೀ ಕೊಟ್ಟು ಬನ್ನಿ. ಆಗುವುದಿಲ್ಲ ಅಂದರೆ ಗಾಡಿ ತಿರುಗಿಸಿಕೊಂಡು ಬೇರೆ ಗ್ಯಾರೇಜಿಗೆ ಹೋಗಿ.